ಎಡಗೈಯ ಓರೆ

ಗಾದೆಪ್ಪನ ಕೈಗೆ ಕತ್ತಿ ಸಿಕ್ಕಿತೆಂದರೆ ಅದು ಮೊದಲು ಹೋಗುವುದು ಕಲ್ಲಿನ ಮೇಲೆ. ನೋಡುವುದು ಗೀಡುವುದು ಎಲ್ಲ ಆಮೇಲೆ. ಅವರ ಮನೆತನಕ್ಕೇ ಅಂಟಿದ ಚಟ ಅದು. ಅಪ್ಪನಿಗೂ ಇತ್ತು, ಅಜ್ಜನಿಗೂ ಇದ್ದಿರಬೇಕು. ಕೂಡ್ಲಿಗಿಯ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಕಟಿಂಗ್ ಶಾಪ್ ಇಟ್ಟುಕೊಂಡು ಊರ ಮಂದಿಯ ಗಡ್ಡ ಕೆರೆಯುವವನಿಗೆ ಇದೇನು ದೊಡ್ಡ ತಪ್ಪಲ್ಲ ಅನ್ನಿ. ಹಾಲು ಕಂಡ ಬೆಕ್ಕು ವಿಚಾರ ಮಾಡಿ ನೆಕ್ಕುತ್ತದೇನು? ಆದರೆ ಈ ಒಂದು ಸಲ, ಈ ಒಂದೇ ಒಂದು ಸಲ ಆ ಕೈ ತಡೆದಿದ್ದರೆ, ಅವನ ಅತ್ತಿಗೆಯ ಬಾಳಿಗೆ ಒಂದು ಉತ್ತರ ಸಿಗುತ್ತಿತ್ತು. ತಡೆಯಲಿಲ್ಲ. ಹಣೆಬರಹ ಅನ್ನಬೇಕೋ ಬುದ್ಧಿಗೇಡಿತನ ಅನ್ನಬೇಕೋ ನನಗಂತೂ ತಿಳಿಯದು.

ಅತ್ತಿಗೆ ಅಂದರೆ ಶಿವಮ್ಮ. ಗಾದೆಪ್ಪನ ಅಣ್ಣ ಯರ್ರೆಪ್ಪನ ಹೆಂಡತಿ. ಯರ್ರೆಪ್ಪ ಮನೆ ಬಿಟ್ಟು ಹೋದಾಗ ಅವರ ಮಗಳು ಲಕ್ಷ್ಮಿದೇವಿ ಬಾಲವಾಡಿಗೆ ಹೋಗುತ್ತಿದ್ದಳು. ಈಗ ಅವಳಿಗೆ ಗಂಡು ಗೊತ್ತು ಮಾಡಿಯಾಗಿದೆ. ನಡುವಿನ ಅಷ್ಟೂ ವರ್ಷ ಆ ಮನುಷ್ಯನದು ಒಂದು ಕಾಗದ ಇಲ್ಲ, ಫೋನಿಲ್ಲ. ಹರಪನಹಳ್ಳಿಯಲ್ಲಿ ಕೆಲಸ ನೋಡಿ ಬರತೀನಿ ಅಂತ ಒಂದು ಮುಂಜಾನೆ ಕೈಚೀಲ ಹಿಡಿದು ಹೋದ. ಚೀಲದಲ್ಲಿ ಒಂದು ಜೊತೆ ಬಟ್ಟೆ, ತನ್ನ ಕತ್ತಿ. ಅಷ್ಟೇ. ಗುಂತಕಲ್ಲಿನ ಸ್ಟೇಷನ್ನಿನಲ್ಲಿ ಕಂಡೆ ಅಂತ ಒಬ್ಬ ಹೇಳಿದ, ಗಾದೆಪ್ಪ ಓಡಿ ಹೋಗಿ ಪ್ಲಾಟ್‌ಫಾರಂ ಪ್ಲಾಟ್‌ಫಾರಂ ತಿರುಗಿ ಬಂದ. ಶಿರಗುಪ್ಪದ ಕಡೆ ಮಠದಲ್ಲಿದ್ದಾನೆ ಅಂತ ಇನ್ನೊಬ್ಬ ಹೇಳಿದ, ಅಲ್ಲಿಗೂ ಹೋದ. ಬರೀ ಗಾಳಿಸುದ್ದಿ.

ಯಾಕೆ ಹೋದ ಅಂದರೆ, ಒಂದು ಕಾರಣ ಎಲ್ಲರಿಗೂ ಗೊತ್ತು. ಯರ್ರೆಪ್ಪ ಎಡಚ. ಚಿಕ್ಕವನಿದ್ದಾಗ ಅಪ್ಪ ಅವನ ಎಡಗೈಗೆ ಅರಿವೆ ಕಟ್ಟಿ ನೋಡಿದ, ಬೆರಳಿಗೆ ಹೊಡೆದು ನೋಡಿದ, ಏನೂ ಆಗಲಿಲ್ಲ. ಕೈ ಎಡವಾದರೇನು, ಗಲ್ಲದ ಮೇಲೆ ಹೋದರೆ ಬೆಣ್ಣೆ ಸವರಿದಂತಿರುತ್ತಿತ್ತು. ಆದರೆ ಮಂದಿ ಬಿಡಬೇಕಲ್ಲ. ದಿನದ ಗಡ್ಡಕ್ಕೆ ಎಡಗೈ ಆದೀತು. ಮದುಮಗನ ಕ್ಷೌರಕ್ಕೆ, ಕೂಸಿನ ಜವಳಕ್ಕೆ ಅವನು ಹೋಗಿ ನಿಂತರೆ "ನಿನ್ನ ತಮ್ಮನ್ನ ಕಳಸಪ" ಅನ್ನುತ್ತಿದ್ದರು. ತಮ್ಮ ಹೋಗಿ ಮಾಡಿ ಬರುತ್ತಿದ್ದ. ಯರ್ರೆಪ್ಪ ಒಂದು ದಿನವೂ ಅದಕ್ಕೆ ಜಗಳ ತೆಗೆದವನಲ್ಲ. ಜಗಳವಾಡುವ ಜಾತಿಯ ಮನುಷ್ಯ ಮನೆ ಬಿಟ್ಟು ಹೋಗುವುದಿಲ್ಲ ಬಿಡಿ, ಸುಮ್ಮನಿರುವವನೇ ಹೋಗುವುದು.

ಶಿವಮ್ಮ ಇವತ್ತಿಗೂ ಕುಂಕುಮ ಇಡುತ್ತಾಳೆ. ಓಣಿಯಲ್ಲಿ ಯಾರದಾದರೂ ಮನೆಯಲ್ಲಿ ಉಡಿ ತುಂಬುವಾಗ ಹೆಂಗಸರು ಆಕೆಯ ಮುಂದೆ ಬಂದು ಒಂದು ಗಳಿಗೆ ತಡೆಯುತ್ತಾರೆ. ತುಂಬಬೇಕೋ ಬೇಡವೋ. ಆ ಒಂದು ಗಳಿಗೆ ಸಾಕು, ಆಕೆ ತಾನೇ ನೆವ ಹೇಳಿ ಎದ್ದು ಬರುತ್ತಾಳೆ. ಅಂಥದೇ ಒಂದು ದಿನ ಮನೆಗೆ ಬಂದು ಕಾಲಿಗೆ ನೀರು ಹಾಕಿಕೊಳ್ಳುತ್ತಾ ಅಂದಿದ್ದಳು: "ಎರಡರಾಗ ಒಂದು ಆಗಿದ್ರ ಸಾಕಿತ್ತು ಗಾದೆಪ್ಪ. ಸತ್ತಿದ್ರ ಅತ್ತು ಮುಗಸತಿದ್ದೆ. ಇದ್ದಿದ್ರ ಬೈಕೋಂತ ಇರತಿದ್ದೆ. ಹಿಂಗ ನಡುವ ಎಷ್ಟು ದಿನ ನಿಂದರಬೇಕು ನಾನು?"

ಗಾದೆಪ್ಪ ತಂಬಿಗೆಗೆ ಇನ್ನಷ್ಟು ನೀರು ತುಂಬಿಕೊಟ್ಟ.

ಲಕ್ಷ್ಮಿದೇವಿಗೆ ಗೊತ್ತಾದ ಗಂಡು ಹಗರಿಬೊಮ್ಮನಹಳ್ಳಿಯ ಕಾಂತೇಶ. ಅಲ್ಲಿ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಸಲೂನ್ ಇಟ್ಟಿದ್ದಾನೆ, ಗಾಜಿನ ಬಾಗಿಲು, ಒಳಗೆ ಎಸಿ. ಅವನಪ್ಪ ಜಂಬುನಾಥ ಒಳ್ಳೆಯ ಮನುಷ್ಯ, ಮಾತು ತೂಗಿ ಆಡುವವ. ಹೆಣ್ಣು ಒಪ್ಪಿಗೆಯಾದ ಮೇಲೆ ಗಾದೆಪ್ಪನನ್ನು ಬದಿಗೆ ಕರೆದು ಹೇಳಿದ: "ತಪ್ಪು ತಿಳೀಬ್ಯಾಡ್ರಿ. ನಿಮ್ಮಣ್ಣಾರು ಅದಾರೋ ಇಲ್ಲೋ, ಒಂದು ಮಾತು ಗಟ್ಟಿ ಹೇಳಿಬಿಡ್ರಿ. ಅದಾರ ಅಂದ್ರ ಬೀಗತಿ ಮುತ್ತೈದಿ, ಆರತಿ ಹಿಡೀಲಿ. ಇಲ್ಲ ಅಂದ್ರ ನೀವು ದಂಪತಿ ಮುಂದ ಕುಂದರ್ರಿ, ಅವರು ಹಿಂದ ಇರಲಿ. ಎರಡಕ್ಕೂ ನಾವು ತಯಾರ. ಗೊತ್ತಿಲ್ಲ ಅಂದ್ರ ಮಾತ್ರ ನಮ್ಮ ಮನಿ ಮುದುಕೇರು ಒಪ್ಪಂಗಿಲ್ಲ. ಅದಾದ ಮ್ಯಾಲ ತಾರೀಕು ಹಿಡಿಯೂಣು."

ಗಾದೆಪ್ಪ ವಿಚಾರ ಮಾಡಿ ಹೇಳತೀನಿ ಅಂದ. ಏನು ವಿಚಾರ ಮಾಡುತ್ತಾನೆ, ಮಣ್ಣು. ಇಷ್ಟು ವರ್ಷ ಆಗದ ವಿಚಾರ ಈಗ ಆದೀತೇ? ಅತ್ತ ದರಿ, ಇತ್ತ ಪುಲಿ. ಮಾತು ಅಲ್ಲಿಗೆ ನಿಂತಿತು.

ಈಗ ಕತ್ತಿಯ ವಿಷಯ. ಅವರ ಮನೆತನದಲ್ಲಿ ಹೆಣ್ಣು ಕೊಡುವಾಗ ಹುಡುಗಿಯ ಅಪ್ಪ ಅಳಿಯನ ಕೈಗೆ ಒಂದು ಮಡಚುವ ಕತ್ತಿ ಕೊಡಬೇಕು. ತಾನೇ ಕೂತು ಮಸೆದ ಕತ್ತಿ. ಅಳಿಯ ಅದನ್ನು ಬಿಚ್ಚಿ, ಎಲ್ಲರೆದುರು ಮಾವನ ಗಲ್ಲದ ಮೇಲೆ ಒಂದು ಸಲ ಎಳೆದು ತೋರಿಸಬೇಕು. ರಕ್ತ ಬರಬಾರದು, ಕೂದಲು ಉಳಿಯಬಾರದು. ಬೇರೆಯವರು ವಾಚು ಉಂಗುರ ಕೊಟ್ಟರೆ ಇವರು ತಮ್ಮ ಗಂಟಲನ್ನೇ ಅಳಿಯನ ಕೈಗೆ ಕೊಡುತ್ತಾರೆ. ಅಂಗಡಿಯಲ್ಲಿ ಎಲ್ಲರೂ ಒಂದು ಗಡ್ಡಕ್ಕೊಂದು ಬ್ಲೇಡು ಮುರಿದು ಹಾಕಿ ಬಿಸಾಡುವ ಕಾಲ ಇದು. ಕಾಂತೇಶ ಹುಟ್ಟಿದಾಗಿಂದ ಕಲ್ಲಿನ ಮೇಲೆ ಕತ್ತಿ ಮಸೆದಿದ್ದಾನೋ ಇಲ್ಲವೋ. ಆದರೂ ಪದ್ಧತಿ ಪದ್ಧತಿಯೇ. ಅಣ್ಣನಿಲ್ಲದ ಕಡೆ ಆ ಕೆಲಸ ಗಾದೆಪ್ಪನ ಪಾಲಿಗೆ ಬಂತು.

ಅವನದೇ ಹಳೆಯ ಕತ್ತಿ ಎಂದೋ ನೆಲಕ್ಕೆ ಬಿದ್ದು ಎರಡಾಗಿತ್ತು. ಅಪ್ಪ ಬಳ್ಳಾರಿಯಿಂದ ಮಕ್ಕಳಿಬ್ಬರಿಗೂ ಒಂದೇ ತರದ ಕತ್ತಿ ತಂದಿದ್ದ. ಒಂದು ಹೀಗೆ ಮುರಿಯಿತು, ಇನ್ನೊಂದು ಯರ್ರೆಪ್ಪನ ಕೈಚೀಲದಲ್ಲಿ ಹೋಯಿತು. ಈಗಿನ ಹೊಸ ಕತ್ತಿಗಳೋ, ಬರೀ ತಗಡು, ಸೌತೆಕಾಯಿ ಹೆಚ್ಚಲಿಕ್ಕೆ ಅಡ್ಡಿಯಿಲ್ಲ. ಹಾಗಾಗಿ ಗಾದೆಪ್ಪ ಕೊಟ್ಟೂರಿಗೆ ಹೋದಾಗ ಗುಜರಿ ಅಂಗಡಿಯಲ್ಲಿ ಕಣ್ಣಾಡಿಸಿದ. ಹಳೆಯ ನಲ್ಲಿ, ತುಕ್ಕು ಹಿಡಿದ ಬೀಗ, ಸೈಕಲ್ ಚೈನುಗಳ ನಡುವೆ ಯಾರೋ ಹಿಡಿ ಬದಲಾಯಿಸಿ ಕೆಂಪು ಪ್ಲಾಸ್ಟಿಕ್ ಹಾಕಿಸಿದ ಒಂದು ಕತ್ತಿ ಬಿದ್ದಿತ್ತು. ಬಿಚ್ಚಿ ಉಗುರಿನಿಂದ ಮೀಟಿದ. ಟಿಣ್ ಅಂತ ದನಿ ಬಂತು, ಒಳ್ಳೆಯ ಹಳೆಯ ಉಕ್ಕು. ಕಂಪನಿಯ ಅಚ್ಚು ಸವೆದು ಹೋಗಿತ್ತು. ಕೊಂಡುಕೊಂಡು ಬಂದ.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಹಿತ್ತಲಲ್ಲಿ ಕೂತ. ಬೂದಿಗೆ ಸೀಮೆಎಣ್ಣೆ ಹಾಕಿ ಕತ್ತಿಯನ್ನು ಗಸಗಸ ತಿಕ್ಕಿ ಒರೆಸಿದ. ಅಪ್ಪನ ಕಾಲದ ಮಸೆಗಲ್ಲಿಗೆ ನೀರು ಚಿಮುಕಿಸಿದ. ಆ ಕಲ್ಲು ಸವೆದು ನಡುವೆ ಬಟ್ಟಲಿನಂತೆ ತಗ್ಗು ಬಿದ್ದಿದೆ, ಹೊಸದು ತರೋಣ ಅಂತ ಅಪ್ಪನೂ ಅನ್ನುತ್ತಿದ್ದ, ಇವನೂ ಅನ್ನುತ್ತಾನೆ, ಯಾರೂ ತಂದಿಲ್ಲ. ಕತ್ತಿ ಮಲಗಿಸಿ ಎಳೆಯತೊಡಗಿದ. ಹೋಗುವಾಗ ಒಂದು ಮಗ್ಗುಲು, ಬರುವಾಗ ಇನ್ನೊಂದು ಮಗ್ಗುಲು. ಕೈ ತನ್ನಷ್ಟಕ್ಕೆ ನಡೆದಿತ್ತು, ತಲೆಯಲ್ಲಿ ಜಂಬುನಾಥನ ಮಾತಿತ್ತು.

ಸ್ವಲ್ಪ ಹೊತ್ತಿಗೆ ಕೈಗೆ ಏನೋ ಸರಿ ಬರಲಿಲ್ಲ. ಕತ್ತಿ ಕಲ್ಲಿನ ಮೇಲೆ ಕೂರುತ್ತಿಲ್ಲ. ಹಿಡಿಯ ಕಡೆ ಕಚ್ಚಬೇಕಾದಲ್ಲಿ ಜಾರುತ್ತದೆ, ಜಾರಬೇಕಾದಲ್ಲಿ ಕಚ್ಚುತ್ತದೆ. ಇದೆಂಥ ಅಡ್ಡಕಸುಬಿ ಮಸೆದ ಕತ್ತಿಯೋ ಮಾರಾಯ ಅಂತ ಬೈದುಕೊಂಡು ಬಿಸಿಲಿಗೆ ಹಿಡಿದು ನೋಡಿದ. ಆಗ, ಎಲ್ಲ ಆದ ಮೇಲೆ, ನೋಡಿದ.

ಕತ್ತಿಯ ಬಾಯಿ, ಅಂದರೆ ಹರಿತವಾದ ಅಂಚು, ಅದರುದ್ದಕ್ಕೂ ಎರಡೂ ಮಗ್ಗುಲಿಗೆ ಒಂದು ಸಣ್ಣ ಓರೆ ಇರುತ್ತದೆ, ಮಸೆದು ಮಸೆದು ಮೂಡಿದ ಹೊಳಪಿನ ಗೆರೆ. ಬಲಗೈಯವನು ಮಸೆದರೆ ಅವನ ಕೈಭಾರ ಒಂದು ಮಗ್ಗುಲಿಗೆ ಬಿದ್ದು ಅಲ್ಲಿ ಹಿಡಿಯ ಕಡೆ ಓರೆ ಅಗಲವಾಗುತ್ತದೆ. ಈ ಕತ್ತಿಯಲ್ಲಿ ಅದು ಎದುರು ಮಗ್ಗುಲಿಗೆ ಅಗಲವಾಗಿತ್ತು. ಎಡಚನ ಓರೆ. ಅದೂ ಅಲ್ಲದೆ ಬಾಯಿ ನಡುವೆ ಉಬ್ಬಿ ಎರಡೂ ತುದಿಗೆ ಸವೆದಿತ್ತು, ತಗ್ಗು ಬಿದ್ದ ಕಲ್ಲಿನ ಮೇಲೆ ತಿರುಗಿದ ಕತ್ತಿಯ ಹಾಗೆ. ಅವನ ತೊಡೆಯ ಮುಂದಿದ್ದ ಕಲ್ಲಿನಂಥದೇ ಕಲ್ಲು.

ಗಾದೆಪ್ಪ ಆ ದಿನ ಅಂಗಡಿ ತೆರೆಯಲಿಲ್ಲ. ಕತ್ತಿಯನ್ನು ಕರವಸ್ತ್ರದಲ್ಲಿ ಸುತ್ತಿ ಎದೆಯ ಜೇಬಿಗಿಟ್ಟು ಕೊಟ್ಟೂರಿನ ಬಸ್ಸು ಹತ್ತಿದ.

ಕೊಟ್ಟೂರಿನಲ್ಲಿ ಇಸಾಕಸಾಬ ಅಂತ ಸಾಣೆಯವರು. ದರ್ಜಿಗಳ ಕತ್ತರಿ, ಕ್ಷೌರದವರ ಕತ್ತಿ, ಕಟುಕರ ಚೂರಿ ಎಲ್ಲಕ್ಕೂ ಅವರೇ. ಈಗ ವಯಸ್ಸಾಗಿ ಸಾಣೆಚಕ್ರ ಮೂಲೆ ಸೇರಿದೆ, ಆದರೂ ಜಗಲಿಯ ಮೇಲೆ ಕೂತಿರುತ್ತಾರೆ. ಗಾದೆಪ್ಪನ ಅಪ್ಪನ ಕಾಲದಿಂದ ಆ ಮನೆಯ ಕತ್ತಿಗಳನ್ನು ಬಲ್ಲವರು. ಗಾದೆಪ್ಪ ಬಂದವನೇ ನಮಸ್ಕಾರವನ್ನೂ ಮಾಡದೆ ಕರವಸ್ತ್ರ ಬಿಚ್ಚಿ ಅವರ ಕೈಗಿಟ್ಟ.

"ಇದು ಯಾರದು ನೋಡ್ರಿ ಚಾಚಾ."

ಇಸಾಕಸಾಬರು ಗಡಿಯಾರ ರಿಪೇರಿಯವರ ಹಾಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು. ಬಾಯಿ ನೋಡಲಿಲ್ಲ, ಕತ್ತಿಯ ಬೆನ್ನು ನೋಡಿದರು. "ಬೆನ್ನು ನೋಡಬೇಕಪ ಮೊದಲು. ಬಾಯಿ ಸುಳ್ಳು ಹೇಳತೈತಿ, ದಿನಾ ಹೊಸದು ಆಗತೈತಲ್ಲ. ಬೆನ್ನು ಎಲ್ಲಾ ನೆನಪಿಟ್ಟಿರತೈತಿ," ಅನ್ನುತ್ತಾ ತಿರುಗಿಸಿದರು, ಮತ್ತೆ ತಿರುಗಿಸಿದರು. ಆಮೇಲೆ ಭೂತಗನ್ನಡಿ ತೆಗೆದು ಗಾದೆಪ್ಪನ ಮುಖ ನೋಡಿದರು. ಒಳಗಿದ್ದ ಹೆಂಡತಿ ಜುಬೇದಾ ಬೀ ಅವರಿಗೆ ಚಹಾ ತರಲಿಕ್ಕೆ ಹೇಳಿದರು. ಕೆಟ್ಟ ಮಾತಿಗೆ ಮೊದಲು ಚಹಾ ಕೊಡುವುದು ಅವರ ರೀತಿ ಅಂತ ಗಾದೆಪ್ಪನಿಗೆ ಗೊತ್ತಿತ್ತು.

"ನಿಮ್ಮನಿ ಕಲ್ಲು. ಎಡಗೈ. ಯರ್ರೆಪ್ಪಂದು ಇದು, ಸಂಶಯ ಇಲ್ಲ."

"ಹೂಂ."

"ತಡಿ, ಇನ್ನೂ ಐತಿ. ನಿಮ್ಮ ಕಲ್ಲು ಬಿಟ್ಟ ಮ್ಯಾಲ ಬ್ಯಾರೆ ಕಲ್ಲಿನ ಮ್ಯಾಲ ಆಡೈತಿ ಇದು. ಸಪಾಟ ಕಲ್ಲು. ಬೆನ್ನಿನ ಮ್ಯಾಲ ಎರಡು ಪಟ್ಟಿ ಅದಾವು, ಕೆಳಗಿಂದು ನಿಮ್ಮದು, ಮ್ಯಾಲಿಂದು ಬ್ಯಾರೆದು. ಅದೂ ಎಡಗೈನ. ಚಲೋ ಸವದೈತಿ, ಒಂದೆರಡು ವರ್ಷದ್ದಲ್ಲ."

ಗಾದೆಪ್ಪ ಬಗ್ಗಿ ಕತ್ತಿಯ ಬೆನ್ನು ನೋಡಿದ. ಅಂದರೆ ಅಣ್ಣ ಹೊರಟ ದಾರಿಯಲ್ಲೇ ರೈಲಿಗೆ ಬಿದ್ದಿಲ್ಲ, ಹೊಳೆಗೆ ಹಾರಿಲ್ಲ. ಎಲ್ಲೋ ಒಂದು ಊರಲ್ಲಿ ಕೂತು ಎಡಗೈಯಲ್ಲಿ ಕತ್ತಿ ಮಸೆದಿದ್ದಾನೆ, ಯಾರದೋ ಗಡ್ಡ ಮಾಡಿದ್ದಾನೆ, ಅನ್ನ ಉಂಡಿದ್ದಾನೆ. ಬೇಡವೆನ್ನದ ಮಂದಿ ಸಿಕ್ಕಿದ್ದರೇನೋ. ಇಷ್ಟು ವರ್ಷದಲ್ಲಿ ಅಣ್ಣನ ಬಗ್ಗೆ ಅವನಿಗೆ ಸಿಕ್ಕ ನಿಜವಾದ ಸುದ್ದಿ ಇದೊಂದೇ. ಅವನಿಗೆ ಅಳು ಬಂತು.

"ಕಡೀಗೆ ಮಸೆದವರು ಯಾರ್ರೀ? ಅವನೋ, ಬ್ಯಾರೆಯವರೋ?"

"ಅದನ್ನ ಬಾಯೇ ಹೇಳಬೇಕು. ಕಡೀ ಕೈ ಬಾಯಿ ತುದಿಗೆ ಇರತೈತಿ." ಇಸಾಕಸಾಬರು ಮತ್ತೆ ಭೂತಗನ್ನಡಿ ಸಿಕ್ಕಿಸಿಕೊಂಡು ಕತ್ತಿಯನ್ನು ಬೆಳಕಿಗೆ ಹಿಡಿದರು. "ಎಡಗೈ ಇದ್ದು ಹೊಳಪು ಉಳದಿದ್ರ, ಈಗೀಗಿನ ತನಕ ಅದಾನ ಅಂತ ತಿಳಿ. ಎಡಗೈ ಇದ್ದು ಮ್ಯಾಲ ತುಕ್ಕು ಕುಂತಿದ್ರ, ಎಂದೋ ಕೈ ಬಿಟ್ಟಾನ ಅಂತ. ಬಲಗೈ ಇದ್ರ ಕತ್ತಿ ಬ್ಯಾರೆಯವರ ಪಾಲಾಗೈತಿ. ನಿಮ್ಮ ಪೈಕಿ ಜೀವ ಇರೂತನಕ ಕತ್ತಿ ಯಾರೂ ಬ್ಯಾರೆಯವರಿಗೆ..." ಅಷ್ಟಕ್ಕೇ ನಿಲ್ಲಿಸಿದರು. ಬಹಳ ಹೊತ್ತು ನೋಡಿದರು. "ಇದರ ಮ್ಯಾಲ ಯಾರೋ ಹೊಸದಾಗಿ ಕೈ ಆಡಿಸ್ಯಾರಲ್ಲೋ. ತಗ್ಗಿನ ಕಲ್ಲು ಮತ್ತ. ಬಲಗೈ."

ಗಾದೆಪ್ಪ ತಲೆ ತಗ್ಗಿಸಿದ. "ನಾನ್ರೀ ಚಾಚಾ. ಇವತ್ತ ಮುಂಜಾನಿ."

ಜುಬೇದಾ ಬೀ ಚಹಾ ತಂದಿಟ್ಟು ಒಳಗೆ ಹೋದರು. ಇಸಾಕಸಾಬರು ಕತ್ತಿ ಮಡಚಿ ಕೆಳಗಿಟ್ಟರು.

"ನೋಡದ ಮಸೀತಾರೇನಪ."

"ಹಳೇ ಕತ್ತಿ ಅಂತ ಮಸದ್ನಿರಿ."

"ಕಡೀ ಕೈ ಅಂಬೋದು ಒಂದು ಕೂದಲದಷ್ಟು ಜಾಗಾ. ಅದು ಹೋತು. ನೀ ಅದನ್ನ ಕಲ್ಲಿಗೆ ಹಾಕಿ ನೀರಾಗ ತೊಳದುಬಿಟ್ಟಿ." ಆಮೇಲೆ ಅವರಿಗೇ ಕನಿಕರ ಬಂತು. "ಇರಲಿ ಬಿಡು. ನಾನಾಗಿದ್ರೂ ಮಸೀತಿದ್ದೆ. ಕತ್ತಿ ಕೈಗೆ ಬಂದ್ರ ಸುಮ್ಮನಿರೋದು ನಮ್ಮ ಕಡೀಂದ ಆಗಂಗಿಲ್ಲ. ಒಂದು ಹೇಳು, ಮಸಿಯೂಕಿಂತ ಮೊದಲು ಬಾಯಿ ಮ್ಯಾಲ ತುಕ್ಕು ಇತ್ತೇನು?"

ಗಾದೆಪ್ಪ ಕಣ್ಣು ಮುಚ್ಚಿ ನೆನೆಸಿಕೊಂಡ. ಗುಜರಿ ಅಂಗಡಿ, ಕೆಂಪು ಹಿಡಿ, ಉಗುರಿನ ಟಿಣ್. ಬಾಯಿಯ ಮೇಲೆ ಕಂದು ಬಣ್ಣ ಇತ್ತು ಅನ್ನಿಸಿತು. ಇರಲಿಲ್ಲ ಅಂದುಕೊಂಡು ನೋಡಿದ. ಆಗ ಹೊಳಪೇ ಕಂಡಿತು. ಬೂದಿ ತಿಕ್ಕಿ ಒರೆಸಿದ ಅರಿವೆ ಕರ್ರಗಾಗಿದ್ದು ನೆನಪಾಯಿತು, ಆದರೆ ಸೀಮೆಎಣ್ಣೆ ಬೂದಿ ಹಾಕಿದರೆ ಅರಿವೆ ಕರ್ರಗಾಗದೆ ಬೆಳ್ಳಗಾಗುತ್ತದೆಯೇ. ಅವನು ಏನು ಕೇಳಿದರೆ ಅದನ್ನೇ ತೋರಿಸುತ್ತಿತ್ತು ಆ ದರಿದ್ರ ನೆನಪು. ಎಷ್ಟು ಸಲ ನೋಡಿದರೂ ಕತ್ತಿ ಕಾಣುತ್ತಿತ್ತು, ಅದರ ಬಾಯಿ ಮಾತ್ರ ಕಾಣುತ್ತಿರಲಿಲ್ಲ.

"ಗೊತ್ತಿಲ್ರಿ," ಅಂದ.

ಗುಜರಿ ಅಂಗಡಿಗೂ ಹೋದ. ಅಂಗಡಿಯವ ತನ್ನ ಹಿತ್ತಲ ತುಂಬ ಬಿದ್ದಿದ್ದ ಗೋಣಿಚೀಲಗಳನ್ನು ತೋರಿಸಿದ. "ಹುಬ್ಬಳ್ಳೀದೂ ಬರತಾವು, ದಾವಣಗೆರೀದೂ ಬರತಾವು, ಆಂಧ್ರದ್ದೂ ಬರತಾವು. ಕಬ್ಬಿಣ ಅಂತ ತೂಕಕ್ಕ ತಗೋತೀನಿ ಅಣ್ಣಾ. ಒಂದು ಸಲ ಸುರುವಿದ ಮ್ಯಾಲ ಯಾವುದು ಯಾವ ಊರಿಂದು ಅಂತ ಹೆಂಗ ಹೇಳ್ಲಿ?" ಅವನದೇನೂ ತಪ್ಪಿಲ್ಲ. ಗಾದೆಪ್ಪ ಬಸ್‌ಸ್ಟ್ಯಾಂಡಿಗೆ ನಡೆದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಬಸ್ಸಿನಲ್ಲಿ ಕೂತ ಮೇಲೆ ಅವನಿಗೆ ಬುದ್ಧಿ ಬರತೊಡಗಿತು. ಎಂಥ ಬುದ್ಧಿ ಅಂದರೆ ಸುಳ್ಳಿನ ಬುದ್ಧಿ. ಸಾಕ್ಷಿ ಅಳಿಸಿ ಹೋಗಿದೆ, ಸರಿ. ಅಳಿಸಿ ಹೋಗಿದೆ ಅಂತ ಅತ್ತಿಗೆಗೆ ಯಾಕೆ ಹೇಳಬೇಕು? ಇದ್ದಾನೆ ಅಂದರೆ ಆಕೆ ಸಾಯುವತನಕ ಬಾಗಿಲು ನೋಡುತ್ತಾಳೆ. ಸತ್ತಿದ್ದಾನೆ ಅಂದರೆ ಒಂದು ಸಲ ಅಳುತ್ತಾಳೆ, ಮುಗಿಯುತ್ತದೆ. ಜಂಬುನಾಥನಿಗೂ ಉತ್ತರ ಸಿಕ್ಕಿತು, ಕೂಸಿನ ಮದುವೆಯೂ ನಡೆಯಿತು. ಬಾಯಿಯ ಮೇಲೆ ಹಳೆಯ ತುಕ್ಕು ಕೂತಿತ್ತಂತೆ, ಕಡೆಗೆ ಬೇರೆ ಕೈ ಆಡಿತ್ತಂತೆ, ಸಾಬರು ಖಾತ್ರಿಯಿಂದ ಹೇಳಿದರು. ಕಿಟಕಿಯ ಆಚೆ ಹೊಲ ಗುಡ್ಡ ಹಾಯುತ್ತಿದ್ದವು. ಅವನು ತುಟಿ ಅಲ್ಲಾಡಿಸುತ್ತಾ ಆ ಮಾತನ್ನು ಗಟ್ಟಿ ಮಾಡಿಕೊಂಡ. ಪಕ್ಕದಲ್ಲಿ ಕೂತ ಹೆಂಗಸು ಇವನನ್ನು ನೋಡಿ ಸ್ವಲ್ಪ ಸರಿದು ಕೂತಳು.

ಮನೆಗೆ ಬಂದಾಗ ಶಿವಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗಾದೆಪ್ಪನ ಹೆಂಡತಿ ಲಕ್ಷ್ಮಿದೇವಿಯನ್ನು ಕರೆದುಕೊಂಡು ಬಟ್ಟೆಯಂಗಡಿಗೆ ಹೋಗಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇದೇ ಹೊತ್ತು ಅಂದುಕೊಂಡು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಕತ್ತಿಯನ್ನು ಮುಂದಿಟ್ಟ. ಗುಜರಿಯಲ್ಲಿ ಸಿಕ್ಕಿದ್ದು, ಅಣ್ಣನದು, ಇಸಾಕಸಾಬರು ಗುರುತು ಹಿಡಿದರು ಅಂತ ಹೇಳಿದ. ಅಷ್ಟು ನಿಜ. ಆಮೇಲೆ ಬಸ್ಸಿನಲ್ಲಿ ಕಲಿತದ್ದನ್ನು ಹೇಳಿದ.

"ಹೋಗ್ಯಾನ ಅತ್ತಿಗಿ. ಹೋಗಿ ಭಾಳ ವರ್ಷ ಆಗ್ಯಾವಂತ."

ಶಿವಮ್ಮ ಅಳಲಿಲ್ಲ. ಕೈಯ ಹಿಟ್ಟು ಕೊಡವಿ, ಸೆರಗಿಗೆ ಒರೆಸಿಕೊಂಡು ಕತ್ತಿ ತೆಗೆದುಕೊಂಡಳು. ಬಿಚ್ಚಿದಳು. ಬಾಗಿಲ ಬೆಳಕಿಗೆ ಹಿಡಿದು ಒಂದು ಮಗ್ಗುಲು ನೋಡಿದಳು, ಇನ್ನೊಂದು ಮಗ್ಗುಲು ನೋಡಿದಳು. ಗಂಡ ಹಿತ್ತಲಲ್ಲಿ ಕೂತು ಮಸೆಯುವಾಗ ಕಲ್ಲಿಗೆ ನೀರು ಹಾಕುತ್ತಿದ್ದವಳು ಆಕೆಯೇ ಅಲ್ಲವೇ. ಈ ಮಾತು ಗಾದೆಪ್ಪನಿಗೆ ಬಸ್ಸಿನಲ್ಲಿ ಹೊಳೆದಿರಲಿಲ್ಲ.

"ಹೌದು, ಅವಂದ," ಅಂದಳು. ಬೆರಳ ತುದಿಯಿಂದ ಓರೆಯನ್ನು ಮುಟ್ಟಿದಳು. ಬೆರಳು ಹಿಡಿಯಿಂದ ಮೆಲ್ಲಗೆ ಸರಿಯುತ್ತಾ ಬಂದು ಬಾಯಿಯ ಹತ್ತಿರ ನಿಂತಿತು. "ಈ ತುದೀದು ನಿನ್ನ ಕೈ. ಹಸೀದು. ಯಾವಾಗ ಮಸದಿ?"

ಗಾದೆಪ್ಪ ಹೊಸ್ತಿಲ ಮೇಲೆ ಉದುರಿದ ಹಿಟ್ಟನ್ನು ಬೆರಳಿನಿಂದ ಒರೆಸಿದ.

"ನೀ ಮಸದ ಮ್ಯಾಲ ಸಾಬ್ರ ಕಣ್ಣಿಗೆ ಏನು ಕಂಡೀತು, ಹೇಳು."

"ಬೆನ್ನಿನ ಮ್ಯಾಲ..."

"ಬೆನ್ನಿನ ಮ್ಯಾಲ ಸತ್ತದ್ದು ಕಾಣತೈತೇನು?" ಆಕೆಯ ದನಿ ಏರಲಿಲ್ಲ. "ನನಗ ಸುಳ್ಳು ಹೇಳಾಕ ಬಂದೀಯಲ್ಲ ಗಾದೆಪ್ಪ. ಖರೇ ಹೇಳು."

ಹೇಳಿದ. ಎಡಗೈ, ಸಪಾಟ ಕಲ್ಲು, ವರ್ಷಗಟ್ಟಲೆ ಬದುಕಿದ್ದು, ಕಡೆಯ ಕೈ ಅನ್ನುವ ಕೂದಲೆಳೆಯ ಜಾಗ, ಅದನ್ನು ತಾನು ತೊಳೆದು ಹಾಕಿದ್ದು, ಎಲ್ಲ ಹೇಳಿದ. "ಗೊತ್ತಾಗತಿತ್ತು ಅತ್ತಿಗಿ. ನಾನು ಮಸಿಯದಿದ್ರ ಇವತ್ತ ನಿನಗ ಗೊತ್ತಾಗತಿತ್ತು." ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರೆ, ಇದು ತನ್ನ ಬಾಯಿಯ ತುತ್ತೂ ಅಲ್ಲ, ಆಕೆಯದು. ಬೈಯಲಿ, ಹಿಟ್ಟಿನ ಕೈಯಲ್ಲೇ ಕಪಾಳಕ್ಕೆ ಹೊಡೆಯಲಿ ಅಂತ ಕಾದ. ಬೈದಿದ್ದರೆ ಅವನಿಗೆ ಸ್ವಲ್ಪ ಉಸಿರಾಡಲಿಕ್ಕಾಗುತ್ತಿತ್ತು. ಆಕೆ ಬೈಯಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು, ತಿರುಗಿ ಅದನ್ನು ತೆಗೆದಿಟ್ಟಳು.

"ಎಡಗೈಲೆ ಮಾಡಿಸಿಕೊಳ್ಳೋ ಮಂದಿ ಅಲ್ಲಿ ಇದ್ರು ಹಂಗಾದ್ರ," ಅಂದಳು. "ಅಷ್ಟು ವರ್ಷ ಮಸದಾನ ಅಂದ್ರ ಅಷ್ಟು ವರ್ಷ ಕೆಲಸ ಮಾಡ್ಯಾನ. ಒಂದು ಸಲರ ಈ ಕಡಿ ಹೊಳ್ಳಿ ನೋಡಬೇಕು ಅನಸಲಿಲ್ಲ ಅವಗ."

ಗಾದೆಪ್ಪ ಆ ಕಡೆಯಿಂದ ಯೋಚಿಸಿರಲೇ ಇಲ್ಲ. ಅಣ್ಣ ಬದುಕಿದ್ದ ಅನ್ನುವ ಸಂತೋಷವನ್ನು ಅವನು ಕೊಟ್ಟೂರಿನಿಂದ ಜೇಬಿನಲ್ಲಿ ತಂದಿದ್ದ. ಆಕೆಯ ಕೈಗೆ ಬಂದಾಗ ಅದು ಮರೆತು ಕೂತ ಗಂಡನ ಸುದ್ದಿಯಾಗಿತ್ತು. ಗಂಡಸರ ತಲೆಗೆ ಕೆಲವು ಮಾತು ಹೊಳೆಯುವುದೇ ಇಲ್ಲ.

ಶಿವಮ್ಮ ಕತ್ತಿಯನ್ನು ಅವನ ಮುಂದಿಟ್ಟಳು. "ಅರ್ಧಕ್ಕ ಬಿಟ್ಟೀ. ಮುಗಸು."

"ಅತ್ತಿಗಿ, ಉಳದಿದ್ದೂ ಹೋಗತೈತಿ. ಅಣ್ಣನ ಕೈ ಇನ್ನಾ ಅರ್ಧ ಐತಿ ಅದರಾಗ."

"ಐತಿ. ಇದ್ದು ಏನು ಹೇಳತೈತಿ? ಇಷ್ಟು ದಿನ ಏನು ಹೇಳಲಿಲ್ಲ, ಇನ್ನ ಮ್ಯಾಲೂ ಹೇಳಂಗಿಲ್ಲ. ಮಗಳಿಗೆ ಅಪ್ಪ ಕೊಡಬೇಕಾದ್ದು, ಅಪ್ಪಂದ ಸಿಕ್ಕೈತಿ. ಎಡಗೈ ಓರಿ ಇದ್ರ ಅಳಿಯನ ಕೈಗೆ ಕೂಡೂದಿಲ್ಲ, ನಾಕು ಮಂದಿ ಮುಂದ ರಕ್ತ ಬಂದೀತು. ಬಲಗೈಗೆ ತಿರುಗಿಸಿ ಮಸಿ."

ಹಿತ್ತಲಿಗೆ ಹೋಗಿ ಕೂತರು. ಕಲ್ಲಿಗೆ ಆಕೆಯೇ ನೀರು ಹಾಕಿದಳು. ಗಾದೆಪ್ಪ ಎಳೆಯತೊಡಗಿದ, ಹೋಗುವಾಗ ಒಂದು ಮಗ್ಗುಲು, ಬರುವಾಗ ಇನ್ನೊಂದು ಮಗ್ಗುಲು. ಕಲ್ಲಿನ ಮೇಲೆ ಬೂದುಬಣ್ಣದ ನೀರು ನಿಂತಾಗ ಆಕೆ ಮತ್ತೆ ನೀರು ಹೊಯ್ದು ಅದನ್ನು ಸರಿಸುತ್ತಿದ್ದಳು. ಆ ನೀರು ಕರಿಬೇವಿನ ಗಿಡದ ಬುಡಕ್ಕೆ ಹರಿದು ಹೋಗುತ್ತಿತ್ತು. ನಡುವೆ ಒಮ್ಮೆ ಅವನು ಬೆಳಕಿಗೆ ಹಿಡಿದು ನೋಡಿದ. ಅಗಲವಾಗಿದ್ದ ಓರೆ ದಾರದಷ್ಟಾಗಿತ್ತು. "ಇನ್ನಾ ಕಾಣತೈತೇನು?" ಅಂತ ಆಕೆ ಕೇಳಿದಳು. "ಸ್ವಲ್ಪ," ಅಂದ. "ಮಸಿ," ಅಂದಳು.

ಕಡೆಗೆ ಚರ್ಮದ ಪಟ್ಟಿಯ ಮೇಲೆ ಆಡಿಸಿ, ತನ್ನ ಮುಂಗೈಯ ಕೂದಲ ಮೇಲೆ ಎಳೆದ. ಕೂದಲು ತಾವಾಗಿ ಉದುರಿದವು, ಚರ್ಮಕ್ಕೆ ತಿಳಿಯಲೇ ಇಲ್ಲ. ಅಷ್ಟು ಚಂದದ ಬಾಯಿ ಅವನ ಕೈಯಲ್ಲಿ ಹುಟ್ಟಿದಾಗಿಂದ ಬಂದಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ಈಗ ಜಂಬುನಾಥಪ್ಪಗ ಫೋನ್ ಹಚ್ಚು," ಅಂದಳು ಶಿವಮ್ಮ.

"ಏನಂತ ಹೇಳ್ಲಿ?"

"ಸತ್ತಾನ ಅಂತ ಹೇಳು. ಗೊತ್ತಿಲ್ಲ ಅಂದ್ರ ಅವರು ಒಪ್ಪಂಗಿಲ್ಲ. ಅದಾನ ಅಂದ್ರ, ಲಗ್ನಕ್ಕರ ಯಾಕ ಬರಲಿಲ್ಲ ಅಂತ ಕೇಳತಾರ. ನಾ ಹಿಂದ ಕುಂದರತೀನಿ, ಕೂಸಿನ ಲಗ್ನ ಆಗಲಿ. ಅವರಿಗೆ ಹೇಳು. ನನಗ ಮಾತ್ರ ಮತ್ತ ಹೇಳಬ್ಯಾಡ."

ಆಕೆ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಉಳಿದ ಹಿಟ್ಟು ಹಾಗೇ ಇತ್ತು. ಗಾದೆಪ್ಪ ಹೊಸ್ತಿಲ ಮೇಲೆ ನಿಂತು ಫೋನ್ ಹಚ್ಚಿದ. ಜಂಬುನಾಥ ಆ ಕಡೆಯಿಂದ ಊಟ ಆಯ್ತೇನ್ರಿ ಬೀಗರೆ ಅಂತ ಶುರು ಮಾಡಿದ. ಗಾದೆಪ್ಪ ಆ ಮಾತು ಹೇಳಿದ. ನಮ್ಮಣ್ಣ ತೀರಿಕೊಂಡಾನ್ರಿ, ಖಾತ್ರಿ ಆತು. ಅಯ್ಯೋ ಪಾಪ, ಬೀಗತಿಗೆ ಸಮಾಧಾನ ಹೇಳ್ರಿ ಅಂದ ಜಂಬುನಾಥ. ಒಳ್ಳೆಯ ಮನುಷ್ಯ, ಮನಸ್ಸಿನಿಂದಲೇ ಅಂದ. ಆಮೇಲೆ ಕೇಳಿದ:

"ಯಾವಾಗ ತೀರಿಕೊಂಡ್ರು?"

ಗಾದೆಪ್ಪ ಫೋನನ್ನು ಕಿವಿಗೆ ಹಿಡಿದುಕೊಂಡೇ ಅತ್ತಿಗೆಯ ಕಡೆ ನೋಡಿದ. ಜಂಬುನಾಥನ ದನಿ ಅಡಿಗೆಮನೆಯತನಕ ಕೇಳಿರಬೇಕು. ಶಿವಮ್ಮ ತಿರುಗಲಿಲ್ಲ, ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

"ಇವತ್ತ ಅನ್ನು," ಅಂದಳು.

ಗಾದೆಪ್ಪ ಹಾಗೇ ಅಂದ.